ಹಳೆಯ ಎಸ್ಪ್ರೆಸೊ ಯಂತ್ರ: ದುರಸ್ತಿಯ ಜಮಾ-ಖರ್ಚು

ಮದುವೆ ಮಂಟಪಗಳಲ್ಲಿ ಊಟದ ಪಂಕ್ತಿಯ ಪಕ್ಕದಲ್ಲಿ ಬುಸುಗುಡುತ್ತಾ ನಿಲ್ಲುವ ಉಕ್ಕಿನ ಯಂತ್ರವನ್ನು ನಮ್ಮ ನಾಡಿನ ಜನ ದಶಕಗಳಿಂದ ‘ಎಸ್ಪ್ರೆಸೊ’ ಎಂದೇ ಕರೆಯುತ್ತಾ ಬಂದಿದ್ದಾರೆ. ವಾಸ್ತವವಾಗಿ ಅದು ದಿಢೀರ್ ಕಾಫಿಪುಡಿ ಬೆರೆಸಿದ ಹಾಲಿಗೆ ಆವಿಯನ್ನು ಹಾಯಿಸಿ ನೊರೆ ಬರಿಸುವ ಸಾಧನ. ಇಟಲಿಯವರು ಎಸ್ಪ್ರೆಸೊ ಎನ್ನುವುದು ಬೇರೆಯೇ ಪಾನೀಯ. ನುಣ್ಣಗೆ ಬೀಸಿದ ಸುಮಾರು 7 ಗ್ರಾಂ ಕಾಫಿಪುಡಿಯ ಮೂಲಕ ಬಿಸಿನೀರನ್ನು 9 ಬಾರ್ ಒತ್ತಡದಲ್ಲಿ ನುಗ್ಗಿಸಿ, 25 ಸೆಕೆಂಡುಗಳಷ್ಟು ಅವಧಿಯಲ್ಲಿ 25 ಮಿಲಿಲೀಟರ್ ಗಟ್ಟಿ ಕಷಾಯವನ್ನು ಇಳಿಸಿಕೊಳ್ಳುವುದೇ ಅದರ ಕ್ರಮ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆದ ನಂತರ ಈ ಎರಡನೆಯ ಅರ್ಥದ ಎಸ್ಪ್ರೆಸೊ ನಮ್ಮಲ್ಲಿಯೂ ಕ್ರಮೇಣ ಪರಿಚಿತವಾಯಿತು. ಅದನ್ನು ತಯಾರಿಸುವ ಪುಟ್ಟ ಯಂತ್ರಗಳು ಮನೆಗಳಿಗೂ ಪ್ರವೇಶಿಸಿದವು.

ಮನೆಗೆ ಬಂದ ಯಂತ್ರ ಕೆಲವು ವರ್ಷಗಳ ನಂತರ ಅಟ್ಟ ಸೇರುವುದು, ಅಲ್ಲಿಂದ ಅಗ್ಗದ ಬೆಲೆಗೆ ಕೈ ಬದಲಾಗುವುದು ಸಾಮಾನ್ಯ. ಅಂತಹ ಯಂತ್ರವನ್ನು ಕೊಂಡು, ಬಿಚ್ಚಿ, ತೊಳೆದು, ಬಿಡಿಭಾಗ ಬದಲಿಸಿ ಮತ್ತೆ ಚಾಲನೆಗೆ ತರುವ ಹವ್ಯಾಸ ಈಗ ಹಲವರಿಗಿದೆ. ಸ್ಪ್ಯಾನರು ಹಿಡಿದು ಅಭ್ಯಾಸವಿರುವ ಸಣ್ಣ ಉದ್ದಿಮೆದಾರರಿಗೆ ಇದು ಸಹಜವಾಗಿಯೇ ಆಕರ್ಷಕ. ಆದರೆ ವರ್ತಕನ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಗಳು ಮೂರು. ಈ ದುರಸ್ತಿ ಸುರಕ್ಷಿತವೇ? ಇದು ನಿಜಕ್ಕೂ ಅಗ್ಗವೇ? ಎಲ್ಲಿಗೆ ನಿಲ್ಲಿಸಬೇಕು?

ಯಂತ್ರದ ಹಿನ್ನೆಲೆ

ಆವಿಯ ಒತ್ತಡದಿಂದ ಕಾಫಿ ತಯಾರಿಸುವ ಯಂತ್ರಕ್ಕೆ ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಪೇಟೆಂಟ್ ಪಡೆದನು. ಮಿಲಾನಿನ ಲುಯಿಜಿ ಬೆಟ್ಸೆರಾ 1901ರಲ್ಲಿ ಒಂದೊಂದೇ ಬಟ್ಟಲಿಗೆ ಕಾಫಿ ಇಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ದೆಸಿದೇರಿಯೊ ಪವೋನಿ ಅದರ ಹಕ್ಕನ್ನು ಕೊಂಡು ಅದನ್ನು ವ್ಯಾಪಾರದ ವಸ್ತುವಾಗಿಸಿದನು. ಆವಿಯೊಂದರಿಂದಲೇ ಬರುವ ಒತ್ತಡ ಕಡಿಮೆ. ಜೊತೆಗೆ ಕಾಫಿ ಸುಟ್ಟ ರುಚಿ ಪಡೆಯುತ್ತಿತ್ತು. ಈ ಕೊರತೆಯನ್ನು ನೀಗಿಸಿದವನು ಆಕಿಲ್ಲೆ ಗಾಜಿಯಾ. ಅವನ 1938ರ ಪೇಟೆಂಟು ಮತ್ತು ಯುದ್ಧಾನಂತರ ಬಂದ ಸ್ಪ್ರಿಂಗ್ ಸನ್ನೆಯ ಯಂತ್ರಗಳಿಂದಾಗಿ ಕಾಫಿಯ ಮೇಲೆ ಹೊಂಬಣ್ಣದ ನೊರೆ ಕಾಣಿಸಿಕೊಂಡಿತು. 1961ರಲ್ಲಿ ಫಾಯೆಮಾ ಸಂಸ್ಥೆಯ ಇ-61 ಯಂತ್ರವು ಕೈಯಿಂದ ಸನ್ನೆ ಎಳೆಯುವ ಶ್ರಮವನ್ನೂ ತಪ್ಪಿಸಿ, ವಿದ್ಯುತ್ ಪಂಪಿನಿಂದ ಒತ್ತಡ ನೀಡುವ ಪದ್ಧತಿಯನ್ನು ನೆಲೆಗೊಳಿಸಿತು.

ಈ ಇತಿಹಾಸದಲ್ಲಿ ಕರ್ನಾಟಕದ ಪಾಲೂ ಇದೆ. ದೇಶದ ಕಾಫಿ ಉತ್ಪಾದನೆಯ ಸುಮಾರು ಶೇ. 70 ಭಾಗ ಕೊಡಗು, ಚಿಕ್ಕಮಗಳೂರು, ಹಾಸನಗಳನ್ನೊಳಗೊಂಡ ನಮ್ಮ ರಾಜ್ಯದ್ದು. ಭಾರತದ ಕಾಫಿಗೆ ಬಹಳ ವರ್ಷಗಳಿಂದಲೂ ಇಟಲಿ ಅತಿ ದೊಡ್ಡ ಗ್ರಾಹಕ. ನಮ್ಮ ರೊಬಸ್ಟಾ ಬೀಜಗಳು ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಿಗೆ ಮೈಕಟ್ಟನ್ನೂ ನೊರೆಯನ್ನೂ ನೀಡುತ್ತವೆ. ಬೀಜ ನಮ್ಮದು, ಯಂತ್ರ ಅವರದು ಎಂಬ ಈ ವ್ಯಾಪಾರದಲ್ಲಿ ಯಂತ್ರದ ಒಳಗನ್ನು ಅರಿಯುವುದು ನಮ್ಮವರಿಗೂ ಲಾಭವೇ.

ಕೊಳ್ಳುವ ಮುನ್ನದ ಪರೀಕ್ಷೆ

ಉದಾಹರಣೆಗಾಗಿ 1991ರಲ್ಲಿ ಮಾರುಕಟ್ಟೆಗೆ ಬಂದ ಗಾಜಿಯಾ ಕ್ಲಾಸಿಕ್ ಎಂಬ ಮನೆಬಳಕೆಯ ಯಂತ್ರದ ಹಳೆಯ ಮಾದರಿಯನ್ನು ತೆಗೆದುಕೊಳ್ಳಬಹುದು. ಇದರ ರಚನೆ ಸರಳ: ಒಂದು ನೀರಿನ ತೊಟ್ಟಿ, ಕಂಪನದಿಂದ ಕೆಲಸ ಮಾಡುವ ಒಂದು ಸಣ್ಣ ಪಂಪು, ಸುಮಾರು 100 ಮಿಲಿಲೀಟರ್ ಹಿಡಿಯುವ ಅಲ್ಯೂಮಿನಿಯಂ ಬಾಯ್ಲರ್, ಒಂದು ಸೊಲೆನಾಯ್ಡ್ ಕವಾಟ, ‘ಗ್ರೂಪ್’ ಎಂದು ಕರೆಯಲಾಗುವ ಹಿತ್ತಾಳೆಯ ತಲೆಭಾಗ, ಮತ್ತು ಅದಕ್ಕೆ ಸಿಕ್ಕಿಸುವ 58 ಮಿ.ಮೀ. ಅಳತೆಯ ಹಿಡಿಕೆಯ ಬಟ್ಟಲು. ಇಷ್ಟೂ ಭಾಗಗಳು ಸ್ಕ್ರೂಗಳಿಂದಲೇ ಜೋಡಣೆಯಾಗಿರುವುದರಿಂದ ಬಿಚ್ಚುವುದು, ಕೂಡಿಸುವುದು ಕಷ್ಟವಲ್ಲ.

ಮೊದಲು ನೋಡಬೇಕಾದದ್ದು ಯಂತ್ರದ ಅಡಿಯಲ್ಲಿರುವ ಫಲಕ. ಅಮೆರಿಕದಿಂದ ತಂದ ಯಂತ್ರವಾದರೆ ಅದು 120 ವೋಲ್ಟ್, 60 ಹರ್ಟ್ಸ್ ವಿದ್ಯುತ್ತಿಗೆ ತಯಾರಾದದ್ದು. ಅದನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಎಲಿಮೆಂಟ್ ಸುಡುವುದು ಖಚಿತ. ಟ್ರಾನ್ಸ್‌ಫಾರ್ಮರ್ ಬಳಸಿದರೂ ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಪಂಪಿನ ಬಡಿತ ಬದಲಾಗುತ್ತದೆ. ಅಂತಹ ಯಂತ್ರ ಎಷ್ಟೇ ಅಗ್ಗವಾದರೂ ಬಿಡುವುದೇ ಲೇಸು.

ಎರಡನೆಯದು ಎಲಿಮೆಂಟಿನ ಪರೀಕ್ಷೆ. ಇದಕ್ಕೆ ಸಾಧಾರಣ ಮಲ್ಟಿಮೀಟರ್ ಸಾಕು. ಪ್ಲಗ್ಗನ್ನು ತೆಗೆದ ಮೇಲೆಯೇ ಅಳೆಯಬೇಕು. ವೋಲ್ಟೇಜಿನ ವರ್ಗವನ್ನು ವ್ಯಾಟ್‌ನಿಂದ ಭಾಗಿಸಿದರೆ ಇರಬೇಕಾದ ರೋಧ ದೊರೆಯುತ್ತದೆ. ಫಲಕದಲ್ಲಿ 230 ವೋಲ್ಟ್, 1,425 ವ್ಯಾಟ್ ಎಂದಿದ್ದರೆ 52,900ನ್ನು 1,425ರಿಂದ ಭಾಗಿಸಿದಾಗ ಸುಮಾರು 37 ಓಮ್ ಬರಬೇಕು. ಮೀಟರು ಅನಂತವನ್ನು ತೋರಿಸಿದರೆ ಎಲಿಮೆಂಟ್ ಅಥವಾ ಅದರ ದಾರಿಯಲ್ಲಿರುವ ಫ್ಯೂಸ್ ತುಂಡಾಗಿದೆ ಎಂದರ್ಥ. ಎಲಿಮೆಂಟಿನ ತುದಿ ಮತ್ತು ಯಂತ್ರದ ಲೋಹದ ಮೈ ನಡುವೆ ಸಂಪರ್ಕ ಕಂಡುಬಂದರೆ ಅದು ಪ್ರಾಣಕ್ಕೇ ಅಪಾಯ. ಅಂತಹ ಯಂತ್ರದ ಬೆಲೆಯನ್ನು ಬಿಡಿಭಾಗಗಳ ಬೆಲೆಯಾಗಿ ಮಾತ್ರ ಪರಿಗಣಿಸಬೇಕು.

ಮೂರನೆಯದು ತುಕ್ಕು. ತೊಟ್ಟಿಯ ಕೆಳಗಿನ ಚೌಕಟ್ಟಿನಲ್ಲಿ ತುಕ್ಕು, ಬಾಯ್ಲರಿನ ಎರಡು ಹೋಳುಗಳು ಕೂಡುವಲ್ಲಿ ಬಿಳಿ ಅಥವಾ ಹಸಿರು ಕಲೆ ಕಂಡರೆ ನೀರು ಬಹಳ ಕಾಲದಿಂದ ಸೋರಿದೆ ಎಂದು ತಿಳಿಯಬೇಕು. ಮಾರುವವರು ‘ಸ್ವಲ್ಪ ಕೆಲಸವಿದೆ ಅಷ್ಟೇ’ ಎಂದಾಗ ಅದರ ಬೆಲೆಯನ್ನು ಕೊಳ್ಳುವವರೇ ಕಟ್ಟಬೇಕಾಗುತ್ತದೆ.

ಸುಣ್ಣವೇ ಮುಖ್ಯ ಶತ್ರು

ಹಳೆಯ ಯಂತ್ರ ನಿಂತುಹೋಗುವುದಕ್ಕೆ ಬಹುಪಾಲು ಕಾರಣ ಗಡಸು ನೀರು. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟು ಕಾದಾಗ ಸುಣ್ಣದ ಕಾರ್ಬೊನೇಟಾಗಿ ಬಾಯ್ಲರಿನ ಒಳಮೈಗೆ ಅಂಟಿಕೊಳ್ಳುತ್ತದೆ. ಬಯಲುಸೀಮೆಯ ಕೊಳವೆಬಾವಿ ನೀರು ಕಾಯಿಸುವ ಮನೆಗಳಲ್ಲಿ ಹಂಡೆ, ಗೀಸರುಗಳ ಒಳಗೆ ಕಾಣುವ ಬಿಳಿಯ ಪದರ ಇದೇ. ಎಸ್ಪ್ರೆಸೊ ಯಂತ್ರದ ಸೊಲೆನಾಯ್ಡ್ ಕವಾಟದ ರಂಧ್ರ ಬಹಳ ಚಿಕ್ಕದು. ಅದರಲ್ಲಿ ಸುಣ್ಣದ ಒಂದು ಚೂರು ಸಿಕ್ಕಿಕೊಂಡರೂ ನೀರು ನಿಲ್ಲುತ್ತದೆ. ಆವಿಯ ಕೊಳವೆಯಿಂದ ನೀರು ಬರುತ್ತಿದ್ದು, ಗ್ರೂಪಿನಿಂದ ಮಾತ್ರ ಬಾರದಿದ್ದರೆ ದೋಷ ಬಹುತೇಕ ಈ ಕವಾಟದಲ್ಲೇ ಇರುತ್ತದೆ. ಪಂಪು ಕೆಟ್ಟಿದೆಯೆಂದು ಹೊಸ ಪಂಪು ಕೊಳ್ಳುವ ಮುನ್ನ ಈ ಪರೀಕ್ಷೆ ಮಾಡಿದರೆ ಹಣ ಉಳಿಯುತ್ತದೆ.

ಸುಣ್ಣ ಕರಗಿಸಲು ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಗಳಲ್ಲಿ ದೊರೆಯುವ ನಿಂಬೆ ಉಪ್ಪು, ಬಳಕೆಯಲ್ಲಿದೆ. ತಾಮ್ರ, ಹಿತ್ತಾಳೆಯ ಬಾಯ್ಲರುಗಳು ಇದನ್ನು ತಾಳಿಕೊಳ್ಳುತ್ತವೆ. ಆದರೆ ಅಲ್ಯೂಮಿನಿಯಂ ಆಮ್ಲಕ್ಕೆ ಸವೆಯುವ ಲೋಹ. ಆದುದರಿಂದ ದ್ರಾವಣ ತೆಳುವಾಗಿರಬೇಕು, ಅವಧಿ ಅಲ್ಪವಾಗಿರಬೇಕು. ರಾತ್ರಿಯಿಡೀ ನೆನೆಹಾಕುವುದು ಸಲ್ಲದು. ಯಂತ್ರ ತಯಾರಕರು ಸೂಚಿಸಿದ ಪುಡಿ ದೊರೆತರೆ ಅದೇ ಉತ್ತಮ. ಆನಂತರ ಎರಡು ಮೂರು ತೊಟ್ಟಿ ಶುದ್ಧ ನೀರನ್ನು ಹಾಯಿಸಿ ಚೆಲ್ಲಬೇಕು. ಹಳೆಯ ಹಿತ್ತಾಳೆಯಲ್ಲಿ ಸೀಸದ ಅಂಶವಿರುವುದುಂಟು. ಆಮ್ಲದಿಂದ ತೊಳೆದೊಡನೆ ಬರುವ ನೀರಿನಲ್ಲಿ ಅದು ಸೇರುವ ಸಾಧ್ಯತೆಯಿರುವುದರಿಂದ ಈ ಹಂತದಲ್ಲಿ ಜಿಪುಣತನ ಕೂಡದು.

ಕಾಫಿಯ ಎಣ್ಣೆ ಜಿಡ್ಡು ಆಮ್ಲಕ್ಕೆ ಹೋಗುವುದಿಲ್ಲ. ಅದಕ್ಕೆ ಬೇರೆಯೇ ಕ್ಷಾರಯುಕ್ತ ಪುಡಿ ಬೇಕು. ಬಟ್ಟಲಿನಲ್ಲಿ ತೂತಿಲ್ಲದ ತಟ್ಟೆಯನ್ನಿಟ್ಟು, ಚಿಟಿಕೆ ಪುಡಿ ಹಾಕಿ, ಪಂಪನ್ನು ಕೆಲವು ಸೆಕೆಂಡು ನಡೆಸಿ ನಿಲ್ಲಿಸಿದರೆ ಒತ್ತಡವು ಹಿಮ್ಮುಖವಾಗಿ ಹರಿದು ಕವಾಟದ ದಾರಿಯನ್ನು ತೊಳೆಯುತ್ತದೆ. ಮೂರು ದಾರಿಯ ಸೊಲೆನಾಯ್ಡ್ ಕವಾಟವಿರುವ ಯಂತ್ರಗಳಿಗೆ ಮಾತ್ರ ಈ ವಿಧಾನ ಅನ್ವಯ. ಸನ್ನೆಯ ಯಂತ್ರಗಳಿಗೆ ಇದನ್ನು ಪ್ರಯೋಗಿಸಬಾರದು.

ಎರಡೂವರೆ ಕ್ವಿಂಟಾಲ್ ಹೊರುವ ರಬ್ಬರು

ಬಿಡಿಭಾಗಗಳಲ್ಲಿ ಅತ್ಯಂತ ಅಗ್ಗದ, ಅತ್ಯಂತ ಮುಖ್ಯವಾದ ವಸ್ತು ಗ್ರೂಪಿನ ರಬ್ಬರ್ ಗ್ಯಾಸ್ಕೆಟ್. 58 ಮಿ.ಮೀ. ವ್ಯಾಸದ ಬಟ್ಟಲಿನ ಬಾಯಿಯ ವಿಸ್ತೀರ್ಣ ಸುಮಾರು 26 ಚದರ ಸೆಂಟಿಮೀಟರ್. ಅದರ ಮೇಲೆ 9 ಬಾರ್ ಒತ್ತಡ ಬಿದ್ದಾಗ ಬಟ್ಟಲನ್ನು ಕೆಳಕ್ಕೆ ತಳ್ಳುವ ಬಲ ಸುಮಾರು 240 ಕಿಲೋಗ್ರಾಂ ಭಾರಕ್ಕೆ ಸಮ. ಹೆಚ್ಚು ಕಡಿಮೆ ಎರಡೂವರೆ ಕ್ವಿಂಟಾಲ್! ಆ ಬಲದಲ್ಲಿ ನುಗ್ಗುವ ಬಿಸಿನೀರು ಅಂಚಿನಿಂದ ಚಿಮ್ಮದಂತೆ ತಡೆಯುವುದು ಈ ರಬ್ಬರಿನ ಬಳೆ. ವರ್ಷಗಳ ಶಾಖಕ್ಕೆ ಅದು ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಎಷ್ಟೋ ಬಾರಿ ಚೂರುಚೂರಾಗಿಯೇ ಹೊರತೆಗೆಯಬೇಕಾಗುತ್ತದೆ. ಹೊಸದನ್ನು ಕೂರಿಸುವಾಗ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸನ್ನಷ್ಟೇ ಬಳಸಬೇಕು. ಗ್ಯಾರೇಜಿನ ಗ್ರೀಸು ಆಹಾರಕ್ಕೂ ಒಗ್ಗದು, ರಬ್ಬರಿಗೂ ಒಗ್ಗದು.

ಗ್ರೂಪಿನೊಳಗಿನ ಜರಡಿ, ಅದನ್ನು ಹಿಡಿಯುವ ತಟ್ಟೆ, ಬಾಯ್ಲರಿನ ಓ-ರಿಂಗು ಇವನ್ನೂ ಅದೇ ವೇಳೆಗೆ ಬದಲಿಸುವುದು ಲೇಸು. ಪಂಪಿನ ಮೇಲೆ 15 ಬಾರ್ ಎಂದು ಬರೆದಿದ್ದರೆ ಅದು ಪಂಪಿನ ಗರಿಷ್ಠ ಸಾಮರ್ಥ್ಯವೇ ಹೊರತು ಕಾಫಿ ಇಳಿಯಬೇಕಾದ ಒತ್ತಡವಲ್ಲ. ಹೆಚ್ಚಿನ ಒತ್ತಡವನ್ನು ತೊಟ್ಟಿಗೆ ಮರಳಿಸುವ ಕವಾಟವೊಂದು ಯಂತ್ರದೊಳಗೆ ಇರುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಮೂರು ನಿಯಮಗಳಿಗೆ ವಿನಾಯಿತಿಯಿಲ್ಲ. ಬಿಚ್ಚುವ ಮೊದಲು ಪ್ಲಗ್ಗನ್ನು ಗೋಡೆಯಿಂದ ತೆಗೆದಿರಬೇಕು; ಸ್ವಿಚ್ ಆರಿಸಿದರೆ ಸಾಲದು. ಅಧಿಕ ಶಾಖಕ್ಕೆ ಕರಗುವ ಫ್ಯೂಸನ್ನು ತಂತಿಯಿಂದ ದಾಟಿಸಬಾರದು. ಥರ್ಮೋಸ್ಟಾಟ್ ಅಂಟಿಕೊಂಡ ದಿನ ಬಾಯ್ಲರನ್ನು ಕಾಯುವುದು ಅದೊಂದೇ. 1,425 ವ್ಯಾಟ್ ಯಂತ್ರ ಎಳೆಯುವ ವಿದ್ಯುತ್ತು 6 ಆಂಪಿಯರಿಗಿಂತ ತುಸು ಹೆಚ್ಚಾದ್ದರಿಂದ ಅದನ್ನು ಭೂಸಂಪರ್ಕವಿರುವ 16 ಆಂಪಿಯರ್ ಸಾಕೆಟ್ಟಿಗೆ, 30 ಮಿಲಿ ಆಂಪಿಯರ್ ಸೋರಿಕೆ ತಡೆಯುವ ಸ್ವಿಚ್ಚಿನ ರಕ್ಷಣೆಯಲ್ಲಿ ಜೋಡಿಸಬೇಕು. ನೀರು, ಆವಿ, ಲೋಹ, ವಿದ್ಯುತ್ತು ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿರುವಾಗ ಸಂದೇಹ ಬಂದಲ್ಲಿ ಅನುಭವಿ ಎಲೆಕ್ಟ್ರಿಷಿಯನ್ನರಿಗೆ ತೋರಿಸುವುದು ಅವಮಾನದ ವಿಷಯವಲ್ಲ.

ನಿಜವಾದ ಅಸಲು ಎಷ್ಟು?

ಈಗ ಲೆಕ್ಕಕ್ಕೆ ಬರಬಹುದು. ಕೆಳಗಿನ ಅಂಕಿಗಳು ಮಾರುಕಟ್ಟೆ ದರಗಳಲ್ಲ, ವಿಧಾನವನ್ನು ತೋರಿಸಲು ಇಟ್ಟುಕೊಂಡವು. ಹಳೆಯ ಯಂತ್ರದ ಖರೀದಿ 12,000 ರೂ.; ಸಾಗಣೆ 800 ರೂ.; ಗ್ಯಾಸ್ಕೆಟ್, ಜರಡಿ, ರಿಂಗುಗಳು 1,200 ರೂ.; ಪಂಪು 2,000 ರೂ.; ಕವಾಟದ ಭಾಗಗಳು 600 ರೂ.; ತೊಳೆಯುವ ಪುಡಿಗಳು 400 ರೂ. ಒಟ್ಟು 17,000 ರೂ. ಮಲ್ಟಿಮೀಟರ್ ಮತ್ತು ಕೈ ಉಪಕರಣಗಳಿಗೆ 1,500 ರೂ. ಸೇರಿಸಿದರೆ 18,500 ರೂ. ಹವ್ಯಾಸಿಗಳು ಸಾಮಾನ್ಯವಾಗಿ ಲೆಕ್ಕವನ್ನು ಇಲ್ಲಿಗೆ ಮುಗಿಸುತ್ತಾರೆ. ಆದರೆ 14 ಗಂಟೆಗಳ ಶ್ರಮಕ್ಕೆ ಗಂಟೆಗೆ 300 ರೂ.ನಂತೆ 4,200 ರೂ. ಹಿಡಿದರೆ ಅಸಲು 22,700 ರೂ. ಆಗುತ್ತದೆ. ದಿನಕ್ಕೆ ಎರಡು ಬಟ್ಟಲಿನಂತೆ ಐದು ವರ್ಷಕ್ಕೆ 3,650 ಬಟ್ಟಲು ಎಂದರೆ ಬಟ್ಟಲೊಂದಕ್ಕೆ ಯಂತ್ರದ ವೆಚ್ಚ ಸುಮಾರು 6 ರೂ. 22 ಪೈಸೆ. ಕಾಫಿಬೀಜ, ಹಾಲು, ವಿದ್ಯುತ್ತು ಬೇರೆ. ಬೀಜವನ್ನು ಅಷ್ಟು ನುಣ್ಣಗೆ, ಏಕರೂಪವಾಗಿ ಬೀಸುವ ಗ್ರೈಂಡರಿನ ಬೆಲೆಯೂ ಬೇರೆ. ಅದು ಕೆಲವೊಮ್ಮೆ ಹಳೆಯ ಯಂತ್ರದ ಬೆಲೆಯನ್ನೇ ಮೀರುತ್ತದೆ. ಫಿಲ್ಟರ್ ಕಾಫಿಗೆಂದು ಬೀಸಿದ, ಚಿಕೋರಿ ಬೆರೆಸಿದ ಪುಡಿ ಈ ಯಂತ್ರಕ್ಕೆ ಒಗ್ಗುವುದಿಲ್ಲ.

ಎರಡನೆಯ ಪಾಠ ಇನ್ನೂ ಮುಖ್ಯ. ಯಂತ್ರವನ್ನು ಬಿಚ್ಚಿದ ಮೇಲೆ ಬಾಯ್ಲರೇ ತೂತಾಗಿರುವುದು ತಿಳಿಯಿತೆಂದೂ, ಹೊಸದಕ್ಕೆ 6,000 ರೂ. ಬೇಕೆಂದೂ ಭಾವಿಸೋಣ. ‘ಈಗಾಗಲೇ 12,800 ರೂ. ಹಾಕಿಯಾಗಿದೆ, ಬಿಡುವುದು ಹೇಗೆ?’ ಎಂಬ ಮಾತು ಇಲ್ಲಿ ಹುಟ್ಟುತ್ತದೆ. ವ್ಯಾಪಾರದಲ್ಲಿ ಬಹಳ ಹಣ ಮುಳುಗಿರುವುದು ಇದೇ ಮಾತಿನಿಂದ. ಕೊಟ್ಟುಹೋದ 12,800 ರೂ. ಈ ನಿರ್ಧಾರದಲ್ಲಿ ಲೆಕ್ಕಕ್ಕೇ ಬರಬಾರದು. ಮುಂದೆ ಮಾಡಬೇಕಾದ ಖರ್ಚು ಬಾಯ್ಲರ್ 6,000, ಇತರ ಭಾಗಗಳು 4,200, ಶ್ರಮ 4,200; ಒಟ್ಟು 14,400 ರೂ. ದುರಸ್ತಿಯಾದ ಯಂತ್ರಕ್ಕೆ 22,000 ರೂ. ಬೆಲೆ ಬರುವುದಾದರೆ, ಈಗಿನ ಸ್ಥಿತಿಯಲ್ಲಿ ಬಿಡಿಭಾಗಗಳಾಗಿ ಮಾರಿದರೆ 7,000 ರೂ. ಬರುವುದಾದರೆ, ದುರಸ್ತಿಯಿಂದ ಹೆಚ್ಚುವ ಮೌಲ್ಯ 15,000 ರೂ. ವ್ಯತ್ಯಾಸ ಕೇವಲ 600 ರೂ. ಹವ್ಯಾಸದ ಸಂತೋಷಕ್ಕಾಗಿ ಮುಂದುವರಿಯಬಹುದು, ಲಾಭವೆಂದು ಹೇಳಿಕೊಳ್ಳುವಂತಿಲ್ಲ. ಖರ್ಚಿನ ಮಿತಿಯನ್ನು ಮೊದಲ ಸ್ಕ್ರೂ ಬಿಚ್ಚುವ ಮುನ್ನವೇ ಕಾಗದದ ಮೇಲೆ ಬರೆದಿಡುವುದು ಇದಕ್ಕೆ ಪರಿಹಾರ.

ಪುಸ್ತಕದಲ್ಲಿ ಬರೆಯುವ ಕ್ರಮ

ಮನೆಗೆಂದು ಕೊಂಡ ಯಂತ್ರದ ಹಣ ಅಂಗಡಿಯ ಖಾತೆಯಿಂದ ಹೋಗಿದ್ದರೆ ಅದು ಮಾಲೀಕರ ಸ್ವಂತ ಖರ್ಚಿನ ಖಾತೆಗೇ ಸೇರಬೇಕು. ‘ಕಚೇರಿ ನಿರ್ವಹಣೆ’ ಎಂಬ ಶೀರ್ಷಿಕೆಯಡಿ ಅದನ್ನು ಅಡಗಿಸುವುದು ತಪ್ಪು. ಕಚೇರಿಯ ಬಳಕೆಗೇ ಇಟ್ಟರೆ, ಖರೀದಿ ಬೆಲೆಯೊಂದಿಗೆ ಯಂತ್ರವನ್ನು ಮೊದಲ ಬಾರಿಗೆ ಬಳಕೆಯ ಸ್ಥಿತಿಗೆ ತರಲು ಮಾಡಿದ ವೆಚ್ಚವೂ ಬಂಡವಾಳ ವೆಚ್ಚವೇ. ನಂತರದ ಗ್ಯಾಸ್ಕೆಟ್ ಬದಲಾವಣೆಯಂತಹ ದೈನಂದಿನ ದುರಸ್ತಿ ಆದಾಯ ಖಾತೆಯ ಖರ್ಚು. ಮಾಲೀಕರು ತಮ್ಮ ಶ್ರಮಕ್ಕೆ ಮನಸ್ಸಿನಲ್ಲಿ ಕಟ್ಟಿಕೊಂಡ ಕೂಲಿಯನ್ನು ನಿರ್ಧಾರಕ್ಕೆ ಬಳಸಬೇಕೇ ವಿನಾ ಆಸ್ತಿಯ ಮೌಲ್ಯಕ್ಕೆ ಸೇರಿಸುವಂತಿಲ್ಲ.

ಹವ್ಯಾಸ ಬೆಳೆದು ಹಳೆಯ ಯಂತ್ರಗಳನ್ನು ಕೊಂಡು ಮಾರುವ ವ್ಯಾಪಾರವೇ ಆದರೆ ಜಿಎಸ್‌ಟಿಯ ನಿಯಮ 32(5) ಗಮನಾರ್ಹ. ಹಳೆಯ ಸರಕನ್ನು ಇದ್ದಂತೆಯೇ, ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆಯ ನಂತರ ಮಾರುವ ವರ್ತಕರು, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಮಾರಾಟ ಬೆಲೆ ಮತ್ತು ಖರೀದಿ ಬೆಲೆಗಳ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಸಲ್ಲಿಸಬಹುದು. ವ್ಯತ್ಯಾಸ ಋಣಾತ್ಮಕವಾದರೆ ಅದನ್ನು ಪರಿಗಣಿಸಲಾಗುವುದಿಲ್ಲ. ನಿಯಮದ ಮಾತು ಖರೀದಿ ಬೆಲೆಯನ್ನಷ್ಟೇ ಹೇಳುವುದರಿಂದ ಬಿಡಿಭಾಗಗಳ ಖರ್ಚನ್ನು ಅದಕ್ಕೆ ಕೂಡಿಸುವುದು ವಿವಾದಕ್ಕೆ ದಾರಿ. ಯಾರಿಂದ, ಯಾವ ದಿನ, ಎಷ್ಟಕ್ಕೆ ಕೊಂಡದ್ದು ಎಂಬ ಸಹಿ ಮಾಡಿದ ರಸೀದಿ ಇಲ್ಲದೆ ಈ ಸೌಲಭ್ಯವನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಇನ್ನೊಂದು ಎಚ್ಚರಿಕೆ. ದುರಸ್ತಿ ಸಫಲವಾದ ಉತ್ಸಾಹದಲ್ಲಿ ಮನೆಬಳಕೆಯ ಯಂತ್ರವನ್ನು ಬೇಕರಿಯ ಕೌಂಟರಿಗೆ ತಂದಿಡುವ ಯೋಚನೆ ಹಲವರಿಗೆ ಬರುತ್ತದೆ. ಇಂತಹ ಯಂತ್ರಗಳ ಕಂಪನ ಪಂಪುಗಳು ಸಾಮಾನ್ಯವಾಗಿ ಒಂದು ನಿಮಿಷ ನಡೆದರೆ ಒಂದು ನಿಮಿಷ ವಿಶ್ರಾಂತಿ ಬಯಸುವಂತೆ ರೂಪಿತವಾದವು. 100 ಮಿಲಿಲೀಟರಿನ ಬಾಯ್ಲರು ಸಾಲಾಗಿ ನಿಂತ ಗ್ರಾಹಕರಿಗೆ ಸಮನಾದ ಬಿಸಿ ನೀಡಲಾರದು. ಕೆಟ್ಟು ನಿಂತ ದಿನದ ವ್ಯಾಪಾರ ನಷ್ಟ ಒಂದೆಡೆಯಾದರೆ, ಗ್ರಾಹಕರಿಗೋ ಕೆಲಸದವರಿಗೋ ಪೆಟ್ಟಾದರೆ ಬರುವ ಹೊಣೆ ಮತ್ತೊಂದೆಡೆ. ಮನೆಯ ಯಂತ್ರ ಮನೆಯಲ್ಲೇ ಇರಲಿ.

ತಯಾರಕರಿಗೆ ಒಂದು ಮಾತು

ಮೂವತ್ತು ವರ್ಷ ಹಳೆಯ ಯಂತ್ರಕ್ಕೆ ಇಂದಿಗೂ ಗ್ಯಾಸ್ಕೆಟ್ ದೊರೆಯುತ್ತದೆ ಎಂಬುದೇ ಈ ಇಡೀ ವಿಷಯದಲ್ಲಿ ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶ. ಗಾಜಿಯಾ ಸಂಸ್ಥೆ 1999ರಲ್ಲಿ ಸಯೆಕೊ ಸಂಸ್ಥೆಯ ಕೈಸೇರಿತು. ಸಯೆಕೊ 2009ರಲ್ಲಿ ಫಿಲಿಪ್ಸ್ ಕೈಸೇರಿತು. ಒಡೆತನ ಬದಲಾದರೂ 58 ಮಿ.ಮೀ. ಅಳತೆ ಬದಲಾಗಲಿಲ್ಲ. 1961ರ ಇ-61 ಗ್ರೂಪಿನ ವಿನ್ಯಾಸವನ್ನು ಇಂದೂ ಹಲವು ತಯಾರಕರು ಬಳಸುತ್ತಿದ್ದಾರೆ. ಅಳತೆ ಸ್ಥಿರವಾಗಿದ್ದುದರಿಂದಲೇ ರಬ್ಬರು, ಸ್ಪ್ರಿಂಗು, ಜರಡಿ, ಕವಾಟ ತಯಾರಿಸುವ ನೂರಾರು ಸಣ್ಣ ಘಟಕಗಳಿಗೆ ಕೆಲಸ ಉಳಿಯಿತು. ಬಿಚ್ಚಲಾಗದಂತೆ ಅಂಟಿಸಿದ ಯಂತ್ರ ತಯಾರಿಸಿದವರು ಒಂದು ಮಾರಾಟದ ಲಾಭ ಪಡೆಯುತ್ತಾರೆ. ಬಿಚ್ಚಬಹುದಾದುದನ್ನು ತಯಾರಿಸಿದವರು ಮೂವತ್ತು ವರ್ಷಗಳ ಬಿಡಿಭಾಗ ವ್ಯಾಪಾರವನ್ನೂ ಹೆಸರನ್ನೂ ಪಡೆಯುತ್ತಾರೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಜಾಲತಾಣವನ್ನು ಆರಂಭಿಸಿದ ನಂತರ ನಮ್ಮಲ್ಲಿಯೂ ಗ್ರಾಹಕರ ಪ್ರಶ್ನೆಗಳು ಈ ದಿಕ್ಕಿನಲ್ಲೇ ಸಾಗಿವೆ. ಪೀಣ್ಯದ, ಹುಬ್ಬಳ್ಳಿಯ, ಬೆಳಗಾವಿಯ ಎರಕ ಮತ್ತು ರಬ್ಬರು ಘಟಕಗಳು ಇದನ್ನು ಅವಕಾಶವೆಂದು ಕಾಣಬಹುದು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹಳೆಯ ಯಂತ್ರದ ದುರಸ್ತಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಕೆಸರಿಗೂ ಒಂದು ಲೆಕ್ಕವಿರಬೇಕು. ಪ್ಲಗ್ಗು ತೆಗೆದು ಪರೀಕ್ಷಿಸಿದ, ಮಿತಿ ಬರೆದಿಟ್ಟು ಖರ್ಚು ಮಾಡಿದ, ಶ್ರಮಕ್ಕೂ ಬೆಲೆ ಕಟ್ಟಿದ ಯಂತ್ರದಿಂದ ಇಳಿಯುವ ಮೊದಲ ಬಟ್ಟಲು ಕಾಫಿ ಖಂಡಿತ ರುಚಿಯಾಗಿರುತ್ತದೆ.